ನಾನು ಬಂದರೆ ಮಾತ್ರ ಏಳುವ ಮಷೀನುಗಳು

ಮಾರ್ಚ್ 3, ಸೋಮವಾರ

ಮೂರನೇ ಮಷೀನಿನ ಡಿಸ್ಕೂ ಹೋಯಿತು. ಬೆಳಿಗ್ಗೆಯಿಂದ ಟೊರ ಟೊರ ಅನ್ನುತ್ತಿತ್ತು, ಊಟದ ಹೊತ್ತಿಗೆ ಸುಮ್ಮನಾಯಿತು. ಇಲ್ಲಿ ಡಿಸ್ಕುಗಳು ಬಾಳುವುದಿಲ್ಲ. ಪಕ್ಕದಲ್ಲೇ ನಡುಗುವ ಮೇಜು. ಮಾರುಕಟ್ಟೆಗೆ ಹೋಗುವ ಮುಂಚೆ ಸಾಮಾನುಗಳನ್ನು ಅದರ ಮೇಲೆ ಕಟ್ಟಿ ಗಡಗಡ ಅಲ್ಲಾಡಿಸಿ ನೋಡುವುದೇ ಈ ಲ್ಯಾಬಿನ ಕಸುಬು. ಹೋದ ವಾರ ಬೀದಿದೀಪ, ಈ ವಾರ ಮಕ್ಕಳ ಕಾರ್ ಸೀಟು. ಸೀಟಿಗೆ ಏನೂ ಆಗಲಿಲ್ಲ. ಡಿಸ್ಕ್ ಸತ್ತಿತು.

ಅಳತೆ ದಾಖಲಿಸುವ ಮಷೀನು ಹನ್ನೆರಡು. ಹೆಚ್ಚಿನವಕ್ಕೆ ಈಗ ಡಿಸ್ಕೇ ಇಲ್ಲ. ದಿನಾ ಬೆಳಿಗ್ಗೆ ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ, ಎಬ್ಬಿಸಿ, ನೀನು ಎಷ್ಟನೆಯವನು, ನಿನ್ನ ಸೆನ್ಸರ್ ಯಾವುದು ಅಂತ ಟೈಪ್ ಮಾಡಿ, ಪೆನ್‌ಡ್ರೈವ್ ಕಿತ್ತು ಮುಂದಿನದಕ್ಕೆ. ಬಿಟ್ಟರೆ ಅಲುಗಾಟಕ್ಕೆ ಅದೂ ಬೀಳುತ್ತದೆ. ಈ ಸೇವೆ ಮಾಡುವವಳು ನಾನೊಬ್ಬಳೇ. ನನಗೆ ಜ್ವರ ಬಂದರೆ ಲ್ಯಾಬಿಗೂ ಜ್ವರ.

ಮೇಜು ನಡೆಸುವವನಿಗೆ ಒಮ್ಮೆ ಕಲಿಸಿ ನೋಡಿದೆ. ಅವನನ್ನು ಎಲ್ಲರೂ ಭೂಕಂಪ ಅನ್ನುವುದು. ಅವನಿಗೂ ಅದೇ ಇಷ್ಟ, ಫೋನ್ ಎತ್ತಿದರೆ "ಭೂಕಂಪ ಮಾತಾಡ್ತಿರೋದು" ಅನ್ನುತ್ತಾನೆ. ಐದನೇ ಮಷೀನಿಗೆ ಆರು ಅಂತ ಹೇಳಿಕೊಟ್ಟ. ಅವತ್ತು ಪರೀಕ್ಷೆಗಿಟ್ಟಿದ್ದ ಕುರ್ಚಿಯ ಎಡಗಾಲಿನ ನಡುಕವೆಲ್ಲ ಬಲಗಾಲಿನದಾಯಿತು. ಮಾರನೇ ದಿನದಿಂದ ಮತ್ತೆ ನಾನೇ.

ಸಂಜೆ ಅಕ್ಕನ ಫೋನ್. ಮಂಡಿ ಆಪರೇಷನ್‌ಗೆ ಏಪ್ರಿಲ್ ಎಂಟು ಸಿಕ್ಕಿದೆ.

"ಎರಡು ಸಲ ನಿನ್ನಿಂದ ತಪ್ಪಿತು. ಈ ಸಲಾನೂ ಲ್ಯಾಬು ಲ್ಯಾಬು ಅಂದ್ರೆ ನಾನು ಇದೇ ಕಾಲಲ್ಲಿ ಸಾಯ್ತೀನಿ, ತಿಳ್ಕೋ."

ಆಸ್ಪತ್ರೆಯವರ ಷರತ್ತು — ಆಮೇಲೆ ಎರಡು ವಾರ ಮನೆಯಲ್ಲಿ ಜೊತೆಗೆ ಯಾರಾದರೂ ಇರಬೇಕು. ಇಲ್ಲದಿದ್ದರೆ ಕತ್ತರಿ ಹಿಡಿಯುವುದಿಲ್ಲ. ಅಕ್ಕನಿಗೆ ನಾನಲ್ಲದೆ ಇನ್ಯಾರು... ಬರ್ತೀನಿ ಅಂದೆ. ಅಂದಮೇಲೆ ಯೋಚನೆ ಶುರುವಾಯಿತು.


ಮಾರ್ಚ್ 4, ಮಂಗಳವಾರ

ಡೈರೆಕ್ಟರಮ್ಮನ ಮುಂದೆ ನಿಂತೆ. ರಜ ಬೇಕು, ಎರಡೂವರೆ ವಾರ. ಅವರು ಕನ್ನಡಕ ತೆಗೆದರು. ಕನ್ನಡಕ ತೆಗೆದರೆ ಉತ್ತರ 'ಇಲ್ಲ'.

"ನೀವಿಲ್ದೆ ಆ ಮಷೀನ್‌ಗಳನ್ನ ಎಬ್ಬಿಸೋರು ಯಾರು?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ವರ್ಷದಿಂದ ತಲೆಯಲ್ಲೇ ಕೊಳೆಯುತ್ತಿದ್ದ ಉಪಾಯ. ಡಿಸ್ಕೂ ಬೇಡ, ಪೆನ್‌ಡ್ರೈವೂ ಬೇಡ, ನೆಟ್‌ವರ್ಕ್ ಬೂಟ್ ಮಾಡೋಣ. ಮಷೀನಿಗೆ ಕರೆಂಟ್ ಕೊಟ್ಟ ಕೂಡಲೇ ಅದು ತಂತಿಯ ಮೇಲೆ ಕೂಗುತ್ತದೆ — ನಾನ್ಯಾರು, ನನಗೇನು ಗತಿ? ಸರ್ವರ್ ಉತ್ತರಿಸುತ್ತದೆ — ನೀನು ಐದನೆಯವನು, ಇಗೋ ನಿನ್ನ ವಿಳಾಸ, ಇಗೋ ನಿನ್ನ ಫೈಲು. ಮಷೀನು ಫೈಲನ್ನು ಮೆಮೊರಿಗೆ ಎಳೆದುಕೊಂಡು ಎದ್ದು ಕೂರುತ್ತದೆ. ಸರ್ವರನ್ನು ಕಾರಿಡಾರ್ ತುದಿಯ ಸಾಮಾನು ಕೋಣೆಯಲ್ಲಿ ಇಟ್ಟರೆ ನಡುಕ ಅಲ್ಲಿಗೆ ತಲುಪುವುದಿಲ್ಲ. ಬೆಳಿಗ್ಗೆ ಯಾರಾದರೂ ಮೇನ್ ಸ್ವಿಚ್ ಒತ್ತಿದರೆ ಸಾಕು.

"ಮಾಡಿ," ಅಂದರು. "ರಜಾ ವಿಷ್ಯ ಈಗ್ಲೇ ಏನೂ ಹೇಳಲ್ಲ. ನೀವಿಲ್ದೆ ಒಂದು ದಿನ ನಡೆದು ತೋರಿಸ್ಲಿ, ಆಮೇಲೆ ನೋಡೋಣ."

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೂ ಕನ್ನಡಕ ಮತ್ತೆ ಮೂಗಿಗೆ ಏರಿತ್ತು. ಅದನ್ನೇ ಒಪ್ಪಿಗೆ ಅಂದುಕೊಂಡೆ.


ಮಾರ್ಚ್ 7, ಶುಕ್ರವಾರ

ಸರ್ವರ್ ಇನ್ನೂ ಬಂದಿಲ್ಲ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ನನ್ನ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದೆ. ಮೂರನೇ ಮಷೀನಿನ ಸತ್ತ ಡಿಸ್ಕ್ ಬಿಚ್ಚಿ ತೆಗೆದು, ತಂತಿ ಸಿಕ್ಕಿಸಿ, ಕರೆಂಟ್ ಕೊಟ್ಟೆ.

ಕಪ್ಪು ಪರದೆ. ಒಂದು ಚುಕ್ಕಿ. ಇನ್ನೊಂದು ಚುಕ್ಕಿ. ಆಮೇಲೆ ಅಕ್ಷರಗಳ ಸುರಿಮಳೆ. ಎದ್ದಿತು! ತಲೆಯಲ್ಲಿ ಏನೂ ಇಲ್ಲದ ಮಷೀನು ತಾನು ಮೂರನೆಯವನು ಅಂತ ತಾನೇ ಹೇಳಿಕೊಂಡಿತು.

ಭೂಕಂಪ ಹಿಂದೆ ನಿಂತು ನೋಡುತ್ತಿದ್ದ. "ಇದರ ಡಿಸ್ಕ್ ನಿಮ್ಮ ಕೈಯಲ್ಲಿದೆಯಲ್ಲ ಮೇಡಂ, ಮತ್ತೆ ಇದು ಹೇಗೆ ಎದ್ದಿತು?"

"ಕೆಲವರು ತಲೆ ಇಲ್ಲದೇನೂ ಕೆಲಸಕ್ಕೆ ಬರ್ತಾರಲ್ಲ, ಹಾಗೇ."

"ನಂಗೇ ಹೇಳಿದ್ದಾ?"

"ಊಹೂಂ. ನಿಮ್ಮ ಪಕ್ಕದಲ್ಲಿ ನಿಂತವರಿಗೆ."

ಪಕ್ಕದಲ್ಲಿ ಯಾರೂ ಇರಲಿಲ್ಲ. ನಗುತ್ತಾ ಹೋದ.


ಮಾರ್ಚ್ 14, ಶುಕ್ರವಾರ

ಸರ್ವರ್ ಮೊನ್ನೆ ಬಂತು. ಎಲ್ಲವನ್ನೂ ಅದಕ್ಕೆ ವರ್ಗಾಯಿಸಿ ಸಾಮಾನು ಕೋಣೆಯಲ್ಲಿ ಕೂರಿಸಿದೆ. ಇವತ್ತು ಉಳಿದಿದ್ದ ಡಿಸ್ಕುಗಳನ್ನೆಲ್ಲ ಬಿಚ್ಚಿದೆ, ಬದುಕಿದ್ದವನ್ನೂ. ಧೈರ್ಯ ಮಾಡಿ ಮೇನ್ ಸ್ವಿಚ್ ಒತ್ತಿದೆ.

ಹನ್ನೆರಡೂ ಎದ್ದವು. ಸಾಲಾಗಿ, ಒಂದರ ಹಿಂದೆ ಒಂದು. ಸರ್ವರ್ ಒಳಗೆ ಇಣುಕಿದರೆ ಪ್ರತಿ ಮಷೀನಿಗೂ 'ವಿಳಾಸ ಕೊಟ್ಟೆ, ವಿಳಾಸ ಕೊಟ್ಟೆ' ಅಂತ ದಾಖಲೆ. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು. ಮಧ್ಯಾಹ್ನ ಊಟ ರುಚಿಸಿತು. ಡಬ್ಬಿ ತೊಳೆಯುವಾಗ ಹಾಡು ಗುನುಗುತ್ತಿದ್ದೆ ಅಂತ ಭೂಕಂಪ ಊರಿಗೆಲ್ಲ ಹೇಳಿಕೊಂಡು ಬಂದ.

ಅಕ್ಕನಿಗೆ ಫೋನ್. "ಎದ್ವು ಕಣೇ, ಎಲ್ಲಾ ಎದ್ವು."

"ಯಾರು?"

"ಮಷೀನ್‌ಗಳು."

"ಅವುಕ್ಕೇನು, ಮಂಡಿ ಇಲ್ವಲ್ಲ."


ಮಾರ್ಚ್ 20, ಗುರುವಾರ

ವಾರದಿಂದ ಒಂದು ದಿನವೂ ತಪ್ಪಿಲ್ಲ. ಬೆಳಿಗ್ಗೆ ಬಂದು, ಬ್ಯಾಗಿಟ್ಟು, ಲ್ಯಾಪ್‌ಟಾಪ್ ತೆರೆದು, ಮೇನ್ ಸ್ವಿಚ್ ಒತ್ತುತ್ತೇನೆ. ಚಹಾ ಆರುವುದರೊಳಗೆ ಹನ್ನೆರಡೂ ಸಿದ್ಧ. ಮೊದಲೆಲ್ಲ ಬೆನ್ನು ಬಗ್ಗಿಸಿ ಅರ್ಧ ಬೆಳಿಗ್ಗೆ ಹೋಗುತ್ತಿತ್ತು. ಈಗ ಕಿಟಕಿಯ ಹತ್ತಿರ ನಿಂತು ಎದುರಿನ ಬಸ್ ಸ್ಟಾಪ್ ನೋಡುತ್ತೇನೆ. ಇಷ್ಟು ವರ್ಷ ಇಲ್ಲಿ ಒಂದು ಕಿಟಕಿ ಇತ್ತು ಅನ್ನುವುದೇ ಗೊತ್ತಿರಲಿಲ್ಲ ನನಗೆ.

ಡೈರೆಕ್ಟರಮ್ಮ ಪರೀಕ್ಷೆಗೆ ದಿನ ಗೊತ್ತು ಮಾಡಿದರು. 26, ಬುಧವಾರ. ನಾನು ಮನೆಯಲ್ಲಿರಬೇಕು. ಫೋನಿನಲ್ಲೂ ಮೂಗು ತೂರಿಸುವ ಹಾಗಿಲ್ಲ.


ಮಾರ್ಚ್ 26, ಬುಧವಾರ, ಬೆಳಿಗ್ಗೆ

ಮನೆ. ಯಜಮಾನರು ಕೆಲಸಕ್ಕೆ ಹೋದರು. ಹೋಗುವಾಗ, "ಆ ಫೋನನ್ನ ಹಾಗೆ ದಿಟ್ಟಿಸ್ಬೇಡ, ಹೆದರ್ಕೊಂಡು ಬಡ್ಕೊಳ್ಳುತ್ತೆ," ಅಂದರು.

ಬಟ್ಟೆ ಮಡಿಸಿದೆ. ಮಡಿಸಿದ್ದನ್ನೇ ಮತ್ತೆ ಮಡಿಸಿದೆ.

ಬಡ್ಕೊಂಡಿತು. ಭೂಕಂಪ.

"ಮೇಡಂ, ಒಂದೂ ಏಳ್ಲಿಲ್ಲ."

"ಒಂದೂ?"

"ಒಂದೂ ಇಲ್ಲ. ಪರದೆ ಮೇಲೆ ಬರೆದಿರೋದು ಓದ್ತೀನಿ ಕೇಳಿ. ಪಿ, ಎಕ್ಸ್, ಇ, ಅಡ್ಡಗೆರೆ, ಇ, ಮೂವತ್ತೆರಡು."

ವಿಳಾಸ ಸಿಕ್ಕಿದೆ, ಫೈಲು ಸಿಕ್ಕಿಲ್ಲ ಅಂತ ಅರ್ಥ. ನಿನ್ನೆಯವರೆಗೆ ಸಿಕ್ಕಿದ ಫೈಲು ಇವತ್ತು ಎಲ್ಲಿ ಮಂಗಮಾಯ? ಹೊರಡುತ್ತಿದ್ದೇನೆ.


ಅದೇ ದಿನ, ಸಂಜೆ

ಏನು ಬರೆಯಲಿ.

ಹೋದೆ. ಬ್ಯಾಗಿಟ್ಟೆ. ಸರ್ವರ್ ಒಳಗೆ ಇಣುಕಲು ಲ್ಯಾಪ್‌ಟಾಪ್ ತೆಗೆದು ತಂತಿ ಸಿಕ್ಕಿಸಿದೆ. ಒಂದು ಅಕ್ಷರ ಟೈಪ್ ಮಾಡಿಲ್ಲ, ಆಣೆಗೂ ಮಾಡಿಲ್ಲ. ಭೂಕಂಪ ಅಭ್ಯಾಸಬಲಕ್ಕೆ ಮೇನ್ ಸ್ವಿಚ್ ಆರಿಸಿ ಮತ್ತೆ ಒತ್ತಿದ. ಹನ್ನೆರಡೂ ಎದ್ದು ಕೂತವು, ಏನೂ ಆಗಿಲ್ಲ ಅನ್ನುವ ಹಾಗೆ.

"ನಿಮ್ಮ ಕಾಲ್ಗುಣ ಮೇಡಂ," ಅಂದ. ತಮಾಷೆಗಲ್ಲ, ನಿಜಕ್ಕೂ ನಂಬಿ ಅಂದ. "ನೀವು ಬಾಗಿಲು ದಾಟಿದ್ರೆ ಸಾಕು, ಎದ್ಬಿಡ್ತವೆ."

ಡೈರೆಕ್ಟರಮ್ಮ ಬಾಗಿಲಲ್ಲಿ ನಿಂತು ನೋಡಿದರು. ಕನ್ನಡಕ ಕೈಯಲ್ಲಿತ್ತು.

ಇನ್ನೊಂದು ಮಾತು, ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ — ಅವು ಎದ್ದಾಗ ಒಂದು ಗಳಿಗೆ ಖುಷಿಯಾಯಿತು. ನಾನಿಲ್ಲದೆ ಆಗುವುದಿಲ್ಲ ಅಂತ. ಮರುಗಳಿಗೆಗೆ ಅಕ್ಕನ ಮಂಡಿ ನೆನಪಾಗಿ ನಾಚಿಕೆಯೂ ಆಯಿತು.


ಮಾರ್ಚ್ 27, ಗುರುವಾರ

ರಜ ಇಲ್ಲ. ಹಾಗಂತ ನೇರ ಹೇಳಲಿಲ್ಲ. "ಮೊದಲು ಅದನ್ನ ಸರಿ ಮಾಡಿ" ಅಂದರು. ಏನನ್ನು ಸರಿ ಮಾಡಲಿ? ನಾನಿದ್ದಾಗ ಕೆಡುವುದೇ ಇಲ್ಲ. ಕೆಡದ ರೋಗಕ್ಕೆ ಮದ್ದು ಯಾವುದು.

ಸ್ವಿಚ್ ಪೆಟ್ಟಿಗೆಯ ಮೇಲೆ ಅನುಮಾನ. ತಂತಿಯ ಮೇಲೆ ಅನುಮಾನ. ನಡುಗುವ ನೆಲದ ಮೇಲೂ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕಥೆ ನನ್ನದು.

ಅಕ್ಕನಿಗೆ ಹೇಳಬೇಕಾಯಿತು. ಬೈಯಲಿಲ್ಲ. ಅದೇ ಕಷ್ಟವಾಗಿದ್ದು.

"ಶುಕ್ರವಾರ ನಾಲ್ಕನೇ ತಾರೀಖಿನೊಳಗೆ ಆಸ್ಪತ್ರೆಗೆ ಹೇಳ್ಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾರೆ, ಇನ್ನು ಮಳೆಗಾಲ ಕಳೆದ್ಮೇಲೇ ಸಿಗೋದು," ಅಂದಳು. "ಪರ್ವಾಗಿಲ್ಲ ಬಿಡು. ಸ್ಟೂಲ್ ಮೇಲೆ ಕೂತು ಪೀಪಿ ಊದೋದಕ್ಕೆ ಮಂಡಿ ಬೇಕಾಗಲ್ಲ."

ಅಕ್ಕ ಈಜು ಕಲಿಸುವವಳು. ನನಗೂ ಅವಳೇ ಕಲಿಸಿದ್ದು, ನೀರಿಗೆ ತಳ್ಳಿ, ಹಿಂದೆಯೇ ತಾನೂ ಧುಮುಕಿ. ಈಗ ಮೂರು ವರ್ಷದಿಂದ ನೀರಿಗೆ ಇಳಿದಿಲ್ಲ. ಕೊಳದ ಅಂಚಿಗೆ ಸ್ಟೂಲ್ ಹಾಕಿಕೊಂಡು ಪೀಪಿಯಲ್ಲೇ ಪಾಠ.

ಫೋನ್ ಇಟ್ಟು ಅಡುಗೆಮನೆಯಲ್ಲಿ ಅತ್ತೆ. ಯಜಮಾನರು ಒಳಗೆ ಬಂದು ಒಲೆ ಆರಿಸಿ ಹೋದರು. ಹಾಲು ಉಕ್ಕುತ್ತಿತ್ತಂತೆ.


ಮಾರ್ಚ್ 31, ಸೋಮವಾರ

ಸಿಕ್ಕಿತು.

ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದಕ್ಕೆ ಮೀಟಿಂಗ್. ಲ್ಯಾಪ್‌ಟಾಪಿನ ತಂತಿ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಬಾಗಿಲ ಹತ್ತಿರ ಭೂಕಂಪ ಕರೆದ. ನಾಲ್ಕನೇ ಮಷೀನು ಆರಿಸಿ ಹಚ್ಚಿದ್ದನಂತೆ, ಏಳುತ್ತಿಲ್ಲ. ನೋಡಿದರೆ ಅದೇ ಮೂವತ್ತೆರಡು. ನಾನು ಇಲ್ಲೇ ನಿಂತಿದ್ದೇನೆ, ಎರಡೂ ಕಾಲು ಲ್ಯಾಬಿನೊಳಗೇ ಇವೆ, ಎಲ್ಲಿ ಹೋಯಿತು ಕಾಲ್ಗುಣ?

ಲ್ಯಾಪ್‌ಟಾಪ್ ಕೆಳಗಿಟ್ಟು ತಂತಿ ಸಿಕ್ಕಿಸಿದೆ. "ಈಗ ಹಚ್ಚಿ." ಎದ್ದಿತು. ತಂತಿ ಕಿತ್ತೆ. "ಆರಿಸಿ ಹಚ್ಚಿ." ಏಳಲಿಲ್ಲ. ಸಿಕ್ಕಿಸಿದೆ, ಎದ್ದಿತು.

ಮಾರ್ಚ್ ಏಳರಂದು ಲ್ಯಾಪ್‌ಟಾಪನ್ನು ಸರ್ವರ್ ಮಾಡಿದವಳು, ಆಮೇಲೆ ಆ ಕೆಲಸದಿಂದ ಅದನ್ನು ಬಿಡಿಸಲೇ ಇಲ್ಲ. ಅಷ್ಟು ದಿನವೂ ಮಷೀನುಗಳನ್ನು ಎಬ್ಬಿಸುತ್ತಿದ್ದದ್ದು ಅದೇ! ಹೊಸ ಸರ್ವರ್ ಸಭ್ಯ. ಮಷೀನು ಕೂಗಿದರೆ, ಈ ವಿಳಾಸ ಬೇರೆ ಯಾರ ಹತ್ತಿರವಾದರೂ ಇದೆಯಾ ಅಂತ ಒಂದು ಕ್ಷಣ ವಿಚಾರಿಸಿ ಆಮೇಲೆ ಉತ್ತರಿಸುತ್ತದೆ. ಲ್ಯಾಪ್‌ಟಾಪ್ ಬಾಯಿಬಡುಕ, ಒಡತಿಯ ಹಾಗೇ. ಮೊದಲು ಉತ್ತರಿಸಿದವರ ಮಾತೇ ಮಷೀನಿಗೆ ವೇದ. ಸರ್ವರ್ 'ವಿಳಾಸ ಕೊಟ್ಟೆ' ಅಂತ ಬರೆದುಕೊಂಡದ್ದೇನೋ ನಿಜ. ಕೊಟ್ಟಿತ್ತು. ತೆಗೆದುಕೊಂಡವರು ಯಾರೂ ಇರಲಿಲ್ಲ.

ಲ್ಯಾಪ್‌ಟಾಪ್ ಇಲ್ಲದ ದಿನ ಮಷೀನುಗಳು ಮೊದಲ ಬಾರಿಗೆ ನಿಜವಾದ ಸರ್ವರ್ ಹತ್ತಿರ ಹೋದವು. ವಿಳಾಸ ಸಿಕ್ಕಿತು. ಫೈಲು ಕೊಡುವ ಬಾಗಿಲಿಗೆ ಸರ್ವರಿನ ಫೈರ್‌ವಾಲ್ ಚಿಲಕ ಹಾಕಿ ಕೂತಿತ್ತು. ಆ ಚಿಲಕ ತೆಗೆಯಬೇಕಾದವಳೂ ನಾನೇ. ಎಲ್ಲ ನಡೆಯುತ್ತಿದೆಯಲ್ಲ ಅಂತ ನೋಡಿಯೇ ಇರಲಿಲ್ಲ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಬಗ್ಗೆ ಕೇಳಿದ್ದೆ. ಈಗ ಕನ್ನಡಿಯಲ್ಲಿ ನೋಡಬಹುದು.

ನೆಲದ ಮೇಲೆ ಕೂತು ನಕ್ಕೆ. ಭೂಕಂಪ ಹೆದರಿ ನೀರು ತಂದ.

"ಹಾಗಾದ್ರೆ ಕಾಲ್ಗುಣ ಅಲ್ವಾ ಮೇಡಂ?"

"ಬ್ಯಾಗ್‌ಗುಣ."

ಮೀಟಿಂಗಿಗೆ ಹೋಗಲಿಲ್ಲ.


ಏಪ್ರಿಲ್ 1, ಮಂಗಳವಾರ

ಲ್ಯಾಪ್‌ಟಾಪಿನಿಂದ ಆ ಸೇವೆಯನ್ನು ಬೇರುಸಹಿತ ಕಿತ್ತೆ. ಸರ್ವರಿನ ಚಿಲಕ ತೆಗೆದೆ, ಆರಿಸಿ ಹಚ್ಚಿದರೂ ತೆಗೆದೇ ಇರುವ ಹಾಗೆ. ಆಮೇಲೆ ಲ್ಯಾಪ್‌ಟಾಪನ್ನು ಕೆಳಗೆ ನಿಲ್ಲಿಸಿದ ಭೂಕಂಪನ ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಮೇಲೆ ಬಂದು, ಮೇನ್ ಸ್ವಿಚ್ ಒತ್ತಿದೆ. ಹನ್ನೆರಡೂ ಎದ್ದವು.

ನಂಬಲಿಲ್ಲ. ಸಾಮಾನು ಕೋಣೆಗೆ ಹೋಗಿ ಸರ್ವರನ್ನೇ ಆರಿಸಿ ಹಚ್ಚಿ ಮತ್ತೆ ಒತ್ತಿದೆ. ಎದ್ದವು. ನಾನು ಮೆಟ್ಟಿಲ ಮೇಲೆ ನಿಂತು ಭೂಕಂಪನಿಂದ ಒತ್ತಿಸಿದೆ. ಎದ್ದವು.

ಡೈರೆಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ತಪ್ಪು ನನ್ನದೇ ಅಂತ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವರು ಕಿಟಕಿಯ ಕಡೆ ತಿರುಗಿದರು. ಭುಜ ಅಲ್ಲಾಡುತ್ತಿತ್ತು. ನಗು ತಡೆಯುತ್ತಿದ್ದರು.

"ಗುರುವಾರ ಮನೇಲಿರಿ," ಅಂದರು. "ಲ್ಯಾಪ್‌ಟಾಪ್ ಸಮೇತ."


ಏಪ್ರಿಲ್ 3, ಗುರುವಾರ

ಬೆಳಿಗ್ಗೆ. ಫೋನ್ ಬೀರುವಿನ ಮೇಲೆ, ಕೈಗೆ ಸುಲಭಕ್ಕೆ ಸಿಗದ ಹಾಗೆ ಇಟ್ಟಿದ್ದೇನೆ. ಯಜಮಾನರು ಇವತ್ತು ಕೆಲಸಕ್ಕೆ ತಡವಾಗಿ ಹೋಗುತ್ತಾರಂತೆ. ಕಾರಣ ಹೇಳಲಿಲ್ಲ. ಪೇಪರ್ ತಲೆಕೆಳಗಾಗಿ ಹಿಡಿದು ಓದುತ್ತಿದ್ದಾರೆ.

ಲ್ಯಾಬ್ ತೆರೆಯುವ ಹೊತ್ತು ಆಯಿತು.

ದಾಟಿತು.

ಇನ್ನೂ ಇಲ್ಲ. ಒಳ್ಳೆಯದೋ, ಕೆಟ್ಟದೋ... ಎಲ್ಲ ಸುಟ್ಟುಹೋಗಿ ಫೋನೂ ಮಾಡಲಾಗದೆ ಕೂತಿದ್ದಾರೋ.

ಬಡ್ಕೊಂಡಿತು. ಸ್ಟೂಲ್ ಹತ್ತಿ ತೆಗೆದೆ. ಭೂಕಂಪ.

"ಮೇಡಂ, ಅಳತೆ ಟೇಪ್ ಎಲ್ಲಿಟ್ಟಿದ್ದೀರಾ?"

"ಮಷೀನ್‌ಗಳು?"

"ಏನಾಗಿದೆ ಅವಕ್ಕೆ?"

"ಎದ್ವಾ ಅಂತ ಕೇಳ್ತಿದ್ದೀನಿ."

"ಆಗ್ಲೇ ಎದ್ದಿವೆ. ಟೇಪ್ ಎಲ್ಲಿ?"

ಹೋದ ಜೀವ ಬಂದ ಹಾಗಾಯಿತು. ಟೇಪ್ ಎಲ್ಲಿದೆಯೋ ನನಗೂ ಗೊತ್ತಿರಲಿಲ್ಲ, ಹಾಗಂತಲೇ ಹೇಳಿದೆ. ಯಜಮಾನರು ಪೇಪರ್ ನೆಟ್ಟಗೆ ಮಾಡಿಕೊಂಡು, "ಹ್ಞಂ, ಇನ್ನು ನಾನು ಹೊರಡಬಹುದು," ಅಂದರು.

ಮಧ್ಯಾಹ್ನ ಡೈರೆಕ್ಟರಮ್ಮನ ಎರಡೇ ಪದದ ಸಂದೇಶ. ಹೋಗಿ ಬನ್ನಿ.

ಅಕ್ಕನಿಗೆ ಹೇಳಿದೆ. "ದಪ್ಪ ಟವೆಲ್ ತಗೊಂಡ್ ಬಾ, ಇಲ್ಲಿರೋದೆಲ್ಲ ಹಳೇದು," ಅಂದಳು. ಅತ್ತು ಮೂಗು ಕಟ್ಟಿದ ದನಿ. ಆಸ್ಪತ್ರೆಗೆ ಇವತ್ತೇ ಹೇಳಿದಳಂತೆ, ಬರ್ತೀನಿ ಅಂತ.

ನನಗೂ ಸ್ವಲ್ಪ ಅಳು ಬಂತು. ಹನ್ನೆರಡು ಮಷೀನಿಗೂ ಇನ್ನು ನಾನು ಬೇಡ. ಚುರುಕ್ ಅಂದಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಟವೆಲ್ ತರಲು ಅಂಗಡಿಗೆ ಹೋದೆ, ದಾರಿಯುದ್ದಕ್ಕೂ ಮೈ ಹಗುರ.


ಏಪ್ರಿಲ್ 8, ಮಂಗಳವಾರ

ಆಸ್ಪತ್ರೆ. ಎರಡನೇ ಮಹಡಿ. ಹಸಿರು ಕುರ್ಚಿಗಳು, ಒಂದರ ಕಾಲು ಕುಂಟು. ಕುಂಟಿನ ಮೇಲೇ ಕೂತಿದ್ದೇನೆ, ಬೇರೆ ಖಾಲಿ ಇರಲಿಲ್ಲ.

ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಗಾಲಿಮಂಚದ ಮೇಲೆ ಮಲಗಿಯೂ ತಳ್ಳುವವನಿಗೆ ದಾರಿ ಹೇಳುತ್ತಿದ್ದಳು. ಬಾಗಿಲು ಮುಚ್ಚುವ ಮುಂಚೆ ನನ್ನ ಕಡೆ ತಿರುಗಿ, "ಎಲ್ಲೂ ಹೋಗ್ಬೇಡ," ಅಂದಳು. ಅಷ್ಟು ಸಣ್ಣ ಸ್ವರ ಅಕ್ಕನದ್ದು ನಾನು ಕೇಳಿಯೇ ಇಲ್ಲ. "ಇಲ್ಲೇ ಇರ್ತೀನಿ," ಅಂದೆ. ಈ ಮಾತನ್ನು ಉಗುಳು ನುಂಗದೆ ಹೇಳಿದ್ದು ಇದೇ ಮೊದಲು.

ಫೋನ್. ಪರದೆಯ ಮೇಲೆ ಭೂಕಂಪ. ಬಂತಪ್ಪ, ಏನೋ ಕೆಟ್ಟಿತು, ಬನ್ನಿ ಅಂದರೆ ಏನು ಮಾಡಲಿ... ಎತ್ತಿದೆ.

"ಏನಾಯ್ತು? ಮೂವತ್ತೆರಡಾ?"

"ಎಂಥ ಮೂವತ್ತೆರಡು? ಅಕ್ಕನ್ನ ಒಳಗೆ ಕರ್ಕೊಂಡು ಹೋದ್ರಾ ಅಂತ ಕೇಳೋಕೆ ಮಾಡ್ದೆ. ಎಲ್ಲರೂ ಇಲ್ಲೇ ನಿಂತಿದ್ದಾರೆ. ಡೈರೆಕ್ಟರಮ್ಮನೂ."

ಹೋದಳು ಅಂತ ಹೇಗೋ ಹೇಳಿದೆ.

ಮಧ್ಯಾಹ್ನ — ಡಾಕ್ಟರ್ ಹೊರಗೆ ಬಂದರು. ಚೆನ್ನಾಗಾಗಿದೆಯಂತೆ. ನಾನು ಕೈ ಮುಗಿಯಲು ಎದ್ದೆ, ಕುಂಟು ಕುರ್ಚಿ ಹಿಂದಕ್ಕೆ ಬಿತ್ತು. ಇಡೀ ಮಹಡಿ ತಿರುಗಿ ನೋಡಿತು. ನೋಡಲಿ.


ಏಪ್ರಿಲ್ 9, ಬುಧವಾರ, ಬೆಳಿಗ್ಗೆ

ಇವತ್ತು ಅಕ್ಕನನ್ನು ನಿಲ್ಲಿಸುತ್ತಾರಂತೆ. ಇಷ್ಟು ಬೇಗ! ಫಿಸಿಯೋದವಳು ಬಂದಳು, ವಾಕರ್ ಮುಂದಿಟ್ಟಳು. ಹಿಡಿದುಕೊಳ್ಳಲು ಹೋದೆ.

"ನೀವು ಅಲ್ಲೇ ಕೂತ್ಕೊಳ್ಳಿ. ಅವರೇ ಏಳ್ಬೇಕು."

ಕೂತಿದ್ದೇನೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಬೈಯುತ್ತಿದ್ದಾಳೆ, ಫಿಸಿಯೋದವಳಿಗೆ, ಮಂಚಕ್ಕೆ, ಮಂಡಿಗೆ. ಬಲಗಾಲು ನೆಲಕ್ಕೆ ಇಳಿಯಿತು. ಎಡಗಾಲು... ತಡೆದಳು. ಮುಖ ಕಿವುಚಿಕೊಂಡಿದೆ. ಇಳಿಯಿತು, ಅದೂ.

"ಏನ್ ಗೀಚ್ತಾ ಇದ್ದೀಯ ಅಲ್ಲಿ? ಇಲ್ಲಿ ನೋಡು."

ನೋಡಿದೆ. ನಿಂತಿದ್ದಾಳೆ. ಎರಡೂ ಕಾಲು ನೆಟ್ಟಗೆ. ಇಷ್ಟು ವರ್ಷ ಒಂದು ಕಡೆ ವಾಲಿ, ಬಗ್ಗಿ, ಗೋಡೆ ಹಿಡಿದು... ಅಕ್ಕ ಇಷ್ಟು ಎತ್ತರ ಅನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ.